ಕ್ವಾಡ್‌ಗೆ ‘ಜಂಪ್ ಪ್ಯಾಕೇಜ್’ ಹಾಕಿಸುವವರು ಇದನ್ನೊಮ್ಮೆ ಓದಿ

ಯುಎಇಯಲ್ಲಿ ಮರಳಿನ ಸೀಸನ್ ಅಂದರೆ ಅಕ್ಟೋಬರ್‌ನಿಂದ ಏಪ್ರಿಲ್ ತನಕ. ಅದಕ್ಕೆ ಸ್ವಲ್ಪ ಮೊದಲೇ ಗ್ಯಾರೇಜುಗಳ ಮುಂದೆ ಕ್ವಾಡ್ ಬೈಕುಗಳ (ಮರಳಿನಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು) ಸಾಲು ಶುರುವಾಗುತ್ತದೆ. ನಮ್ಮ ಉಡುಪಿ, ಮಂಗಳೂರು ಕಡೆಯ ಹುಡುಗರದ್ದೂ ಅದರಲ್ಲಿ ಕೆಲವು ಇರುತ್ತವೆ. ಈ ಹೊತ್ತಿಗೆ ಸರಿಯಾಗಿ ‘ಜಂಪ್ ಪ್ಯಾಕೇಜ್’, ‘ಡೆಸರ್ಟ್ ಕಿಟ್’ ಅಂತ ಜಾಹೀರಾತು ಬರುತ್ತದೆ. ಪವರ್ರೂ ಏರುತ್ತದೆ, ಎಷ್ಟು ಎತ್ತರದಿಂದ ಹಾರಿದರೂ ಮೆತ್ತಗೆ ಇಳಿಯುತ್ತದೆ ಅನ್ನುತ್ತಾರೆ. ಅಂಥ ಒಂದು ಪ್ಯಾಕೇಜಿನಿಂದ ನನ್ನ ಅಣ್ಣನ (ದೊಡ್ಡಪ್ಪನ ಮಗ) ಕಾಲರ್ ಬೋನ್ ಮುರಿಯಿತು. ಗ್ಯಾರೇಜಿನ ಹೆಸರು ಹಾಕುವುದಿಲ್ಲ. ಇಂಥ ಕೆಲಸ ಒಂದೇ ಕಡೆ ನಡೆಯುವುದೂ ಇಲ್ಲ.

ಅಣ್ಣನದು ಯಮಾಹಾ ರಾಪ್ಟರ್ 700ಆರ್. 686 ಸಿಸಿ, ಒಂದೇ ಸಿಲಿಂಡರ್, ಎಣ್ಣೆ ಪೆಟ್ರೋಲ್ ಎಲ್ಲ ತುಂಬಿಸಿದರೆ ಸುಮಾರು 190 ಕೆ.ಜಿ. ಕಂಪನಿಯಿಂದ ಬಂದ ಹಾಗೇ ಇಟ್ಟರೂ ಸಾಕಷ್ಟು ಜೋರಿನ ಗಾಡಿ. ಮುಂದಿನ ಚಕ್ರ ಸುಮಾರು 23 ಸೆಂ.ಮೀ., ಹಿಂದಿನದು 25 ಸೆಂ.ಮೀ.ನಷ್ಟು ಮೇಲೆ ಕೆಳಗೆ ಆಡುತ್ತದೆ. ಪ್ಯಾಕೇಜಿನಲ್ಲಿ ಇದ್ದದ್ದು ಇಷ್ಟು: ಎರಡೂ ಕಡೆ 2 ಇಂಚು ಅಗಲ, 1 ಇಂಚು ಮುಂದಕ್ಕೆ ಬರುವ ಎ-ಆರ್ಮ್ (ಮುಂದಿನ ಚಕ್ರವನ್ನು ಫ್ರೇಮಿಗೆ ಜೋಡಿಸುವ ತೋಳು), ಲಾಂಗ್ ಟ್ರಾವೆಲ್ ಶಾಕ್ (ಚಕ್ರ ಹೆಚ್ಚು ಮೇಲೆ ಕೆಳಗೆ ಆಡಲು ಬಿಡುವ ಉದ್ದದ ಶಾಕ್ ಅಬ್ಸಾರ್ಬರ್), 11:1 ಪಿಸ್ಟನ್ (ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಒತ್ತುವಂಥದ್ದು), ಫುಲ್ ಎಕ್ಸಾಸ್ಟ್, ಓಪನ್ ಫಿಲ್ಟರ್, ಮತ್ತೆ ‘ಇಸಿಯು ಟ್ಯೂನಿಂಗ್’ (ಇಸಿಯು ಅಂದರೆ ಇಂಜಿನ್‌ಗೆ ಎಷ್ಟು ಪೆಟ್ರೋಲ್ ಅಂತ ತೀರ್ಮಾನಿಸುವ ಕಂಪ್ಯೂಟರ್). ಒಟ್ಟು 18 ಸಾವಿರ ದಿರ್ಹಮ್. ಬಿಲ್ಲಿನಲ್ಲಿ ಒಂದೇ ಸಾಲು, ‘ಫುಲ್ ಕಿಟ್ ವಿತ್ ಫಿಟ್ಟಿಂಗ್’. ಯಾವ ಕಂಪನಿಯ ಪಾರ್ಟು, ಯಾವ ನಂಬರ್, ಏನೂ ಇಲ್ಲ.

ಮೊದಲು ಕೈಕೊಟ್ಟದ್ದು ಇಂಜಿನ್. ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರಿನಲ್ಲಿ ಪಟಪಟ ಸದ್ದು. ರೇಡಿಯೇಟರ್ ಫ್ಯಾನ್ ನಿಲ್ಲುವುದೇ ಇಲ್ಲ. ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಕತ್ತಲಾದ ಮೇಲೆ ನೋಡಿದರೆ ಎಕ್ಸಾಸ್ಟ್ ಪೈಪಿನ ಬುಡ ಕೆಂಪಗೆ ಕಾದಿರುತ್ತಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದಾಗ ಹೀಗೆಲ್ಲ ಆಗುತ್ತದೆ. ಫಿಲ್ಟರ್ ಮತ್ತು ಎಕ್ಸಾಸ್ಟ್ ಬದಲಿಸಿದ ಮೇಲೆ ಒಳಗೆ ಹೋಗುವ ಗಾಳಿ ಹೆಚ್ಚುತ್ತದೆ, ಪೆಟ್ರೋಲನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಪೂರ್ತಿ ಉರಿಯುತ್ತದೆ. ಆದರೆ ಫುಲ್ ಥ್ರಾಟಲ್‌ನಲ್ಲಿ 13ರ ಆಸುಪಾಸು ಇರಬೇಕು. ಆ ಹೆಚ್ಚುವರಿ ಪೆಟ್ರೋಲೇ ಪಿಸ್ಟನ್ನನ್ನು ತಂಪಾಗಿಡುವುದು. ಗ್ಯಾರೇಜಿಗೆ ಕೇಳಿದರೆ ಬಂದ ಉತ್ತರ: ‘ಇಲ್ಲಿನ ಬಿಸಿಲಿಗೆ ಎಲ್ಲಾ ಗಾಡಿಯೂ ಹಾಗೇ ಭಾಯ್.’

ಆಮೇಲೆ ಆದದ್ದು ಹತ್ತಾ ರಸ್ತೆಯ ಅಲ್ ಬದಾಯರ್‌ನಲ್ಲಿ. ಎಲ್ಲರೂ ಬಿಗ್ ರೆಡ್ ಅನ್ನುತ್ತಾರಲ್ಲ, ಆ ದೊಡ್ಡ ದಿಬ್ಬದ ಪಕ್ಕದ ಸಣ್ಣ ದಿಬ್ಬಗಳಲ್ಲಿ. ಸಾಹಸದ ಹಾರಾಟವೇನೂ ಅಲ್ಲ, ಒಬ್ಬಾಳೆತ್ತರವೂ ಇರಲಿಲ್ಲ. ಗಾಡಿ ನೇರವಾಗಿಯೇ ಇಳಿಯಿತು. ಇಳಿದ ಕೂಡಲೇ ಎಡ ಮುಂದಿನ ಚಕ್ರ ಒಳಕ್ಕೆ ಮಡಚಿಕೊಂಡಿತು. ಅಣ್ಣ ಹ್ಯಾಂಡಲ್ ಮೇಲಿಂದ ಹಾರಿ ಭುಜ ಅಡಿಯಾಗಿ ಬಿದ್ದ. ಹೆಲ್ಮೆಟ್, ನೆಕ್ ಬ್ರೇಸ್ ಎರಡೂ ಇದ್ದವು, ಇಲ್ಲದಿದ್ದರೆ ನಾನು ಈ ಬರಹ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಆಸ್ಪತ್ರೆಗೆ ಒಂದು ಗಾಡಿ, ಕ್ವಾಡಿಗೆ ರಿಕವರಿ ಇನ್ನೊಂದು.

ಕ್ವಾಡನ್ನು ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆವು. ಮುರಿದದ್ದು ಬಾಲ್ ಜಾಯಿಂಟ್, ಅಂದರೆ ಎ-ಆರ್ಮಿನ ತುದಿಯಲ್ಲಿ ಚಕ್ರವನ್ನು ಹಿಡಿದಿರುವ ಗುಂಡಿನ ಕೀಲು. ಆದರೆ ಆ ಕೀಲು ಕಳಪೆಯಾಗಿರಲಿಲ್ಲ. ಎ-ಆರ್ಮ್ ಸ್ಟ್ಯಾಂಡರ್ಡ್ ಟ್ರಾವೆಲ್‌ನದು, ಶಾಕ್ ಮಾತ್ರ ಲಾಂಗ್ ಟ್ರಾವೆಲ್‌ನದು. ಎರಡಕ್ಕೂ ಹೊಂದಾಣಿಕೆಯೇ ಇಲ್ಲ. ಉದ್ದದ ಶಾಕ್ ಹಾಕಿದಾಗ ಗಾಡಿ ಗಾಳಿಯಲ್ಲಿದ್ದಷ್ಟು ಹೊತ್ತು ಚಕ್ರ ಅಗತ್ಯಕ್ಕಿಂತ ಕೆಳಗೆ ಜೋತು ಬೀಳುತ್ತದೆ. ಬಾಲ್ ಜಾಯಿಂಟ್ ತನ್ನ ಕೊನೆಯ ಕೋನಕ್ಕೆ ಹೋಗಿ, ಅದರ ಕಂಬಿ ಗುಂಡು ಕೂರುವ ಬಟ್ಟಲಿನ ಅಂಚಿಗೆ ತಾಗುತ್ತದೆ. ಪ್ರತಿ ಜಂಪಿಗೂ ಅಲ್ಲೇ ಒತ್ತಡ ಬಿದ್ದು ಬಿರುಕು ಬೆಳೆದಿದೆ. ಬಲಗಡೆಯ ಕೀಲು ಮುರಿದಿರಲಿಲ್ಲ, ಅದರ ಕಂಬಿಯ ಸುತ್ತಲೂ ಉಜ್ಜಿ ಹೊಳೆಯುವ ಗೆರೆ ಕಣ್ಣಿಗೆ ಕಾಣುತ್ತಿತ್ತು. ಸಾಲದ್ದಕ್ಕೆ ಎ-ಆರ್ಮ್ ಅಗಲವಾದರೂ ಬ್ರೇಕ್ ಹೋಸ್ ಹಳೆಯದೇ. ಚಕ್ರ ಕೆಳಗಿಳಿಸಿದರೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಬಿಗಿದುಕೊಳ್ಳುತ್ತಿತ್ತು.

ಇಂಜಿನ್ ತೆಗೆದರೆ ಪಿಸ್ಟನ್ ತಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಂಡಿಗಳು. ಇಸಿಯು ಮುಟ್ಟಿಯೇ ಇಲ್ಲ! ಪೆಟ್ರೋಲ್ ಪ್ರಮಾಣ ಹೊಂದಿಸಲು ಬೇರೆಯಾಗಿ ಹಾಕುವ ಫ್ಯೂಯಲ್ ಕಂಟ್ರೋಲರ್ ಕೂಡ ಇಲ್ಲ. ಕಂಪನಿಯ ಪಿಸ್ಟನ್ 9.2:1ರದು. 11:1 ಹಾಕಿ, ಪೆಟ್ರೋಲ್ ಲೆಕ್ಕ ಹಳೆಯದೇ ಬಿಟ್ಟರೆ ಮಿಶ್ರಣ ಸಮಯಕ್ಕೆ ಮೊದಲೇ ತಾನಾಗಿ ಸಿಡಿಯುತ್ತದೆ. ಅಂಥ ಪಿಸ್ಟನ್ ಇದ್ದರೆ ಬಂಕಿನಲ್ಲಿ ಸೂಪರ್ 98 (ತಾನಾಗಿ ಬೇಗ ಸಿಡಿಯದ, ಹೆಚ್ಚು ಆಕ್ಟೇನ್‌ನ ಪೆಟ್ರೋಲ್) ಮಾತ್ರ ಹಾಕಿಸಬೇಕು, ಅದನ್ನೂ ಯಾರೂ ಹೇಳಿರಲಿಲ್ಲ.

ಸಸ್ಪೆನ್ಷನ್ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. 2 ಮೀಟರ್ ಎತ್ತರದಿಂದ ಸಮತಟ್ಟು ಜಾಗಕ್ಕೆ ಬಿದ್ದರೆ ನೆಲ ಮುಟ್ಟುವಾಗ ಕೆಳಮುಖ ವೇಗ ಗಂಟೆಗೆ ಸುಮಾರು 22 ಕಿ.ಮೀ. ಗಾಡಿ, ಸವಾರ ಸೇರಿ 270-280 ಕೆ.ಜಿ. ಅದನ್ನು ಕಾಲು ಮೀಟರಿನೊಳಗೆ ನಿಲ್ಲಿಸಬೇಕಾದರೆ ಸರಾಸರಿ ಎರಡೂವರೆ ಟನ್ ಭಾರ ಬೀಳುತ್ತದೆ. ಟೈರು, ಮರಳು ಒಂದಿಷ್ಟು ಹೀರಿಕೊಂಡರೂ ಉಳಿದದ್ದೆಲ್ಲ ಶಾಕ್, ಎ-ಆರ್ಮ್, ಆ ನಾಲ್ಕು ಸಣ್ಣ ಬಾಲ್ ಜಾಯಿಂಟುಗಳ ಮೇಲೆ. ಇಳಿಜಾರಿನಲ್ಲಿ ಇಳಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ. ಆದರೆ ಮರಳು ದಿಬ್ಬದ ಇಳಿಜಾರನ್ನು ನಂಬುವ ಹಾಗಿಲ್ಲ. ಗಾಳಿ ಬೀಸಿದ ಹಾಗೆ ತುದಿ ಸರಿಯುತ್ತದೆ, ಹೋದ ವಾರ ಹಾರಿದ ಜಾಗದಲ್ಲಿ ಈ ವಾರ ಹೊಂಡ ಇರಬಹುದು.

ಹಾಗಾಗಿ ಉಳಿದ ಹಣ ಕೊಡುವ ಮೊದಲು ಗ್ಯಾರೇಜಿನಲ್ಲೇ ಗಾಡಿಯನ್ನು ಸ್ಟ್ಯಾಂಡಿಗೆ ಎತ್ತಿಸಿ. ಮುಂದಿನ ಚಕ್ರಗಳು ಪೂರ್ತಿ ಜೋತಾಡಲಿ. ಹ್ಯಾಂಡಲ್ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೊನೆ ತನಕ ತಿರುಗಿಸಿ. ಬಾಲ್ ಜಾಯಿಂಟ್ ಸಲೀಸಾಗಿ ಆಡಬೇಕು, ಬ್ರೇಕ್ ಹೋಸ್ ಸಡಿಲ ಇರಬೇಕು. ಆಮೇಲೆ ಶಾಕ್ ಬಿಚ್ಚಿ ಚಕ್ರವನ್ನು ಕೈಯಲ್ಲೇ ಪೂರ್ತಿ ಮೇಲಕ್ಕೆ ಒತ್ತಲು ಹೇಳಿ, ಆರ್ಮ್ ಫ್ರೇಮಿಗೆ ತಾಗುತ್ತದೋ ನೋಡಿ. ಅರ್ಧ ಗಂಟೆಯ ಕೆಲಸ. ‘ಅದೆಲ್ಲ ಬೇಡ’ ಅಂದರೆ ಅಲ್ಲಿಂದ ಹೊರಡಿ ಮಾರಾಯ್ರೆ.

ಇನ್ನೊಂದು, ನಿಮ್ಮ ತೂಕ ಎಷ್ಟು ಅಂತ ಕೇಳದೆ ಶಾಕ್ ಮಾರುವವನನ್ನು ನಂಬಬೇಡಿ. 60 ಕೆ.ಜಿ.ಯವನಿಗೂ 95 ಕೆ.ಜಿ.ಯವನಿಗೂ ಒಂದೇ ಸ್ಪ್ರಿಂಗ್ ಹೊಂದುವುದಿಲ್ಲ. ಗೇರ್ ಎಲ್ಲ ಹಾಕಿಕೊಂಡು ಗಾಡಿ ಮೇಲೆ ಕೂತಾಗ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಅಳತೆಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿಯಬೇಕು. ಟೇಪ್ ಹಿಡಿದು ಅಳೆದರೆ ಗೊತ್ತಾಗುತ್ತದೆ. ಹಿಂದಿನ ಶಾಕಿನ ರಿಬೌಂಡ್ (ಒತ್ತಿದ ಶಾಕ್ ವಾಪಸ್ ಏಳುವುದನ್ನು ತಡೆಯುವ ಬಿಗಿ) ತುಂಬ ಸಡಿಲ ಬಿಟ್ಟಿದ್ದರೆ ದಿಬ್ಬದ ತುದಿಯಲ್ಲಿ ಹಿಂಭಾಗ ಒದ್ದ ಹಾಗೆ ಏಳುತ್ತದೆ, ಮೂತಿ ಕೆಳಗೆ ಹೋಗುತ್ತದೆ. ಗಾಳಿಯಲ್ಲಿ ಥ್ರಾಟಲ್ ಕೊಟ್ಟು ಮೂತಿ ಎತ್ತಬಹುದು ನಿಜ, ಅದಕ್ಕೂ ಒಂದು ಮಿತಿ ಇದೆ. 700ಆರ್‌ನ ಕಂಪನಿ ಶಾಕಿನಲ್ಲೇ ಕಂಪ್ರೆಷನ್ (ಶಾಕ್ ಒತ್ತಿಕೊಳ್ಳುವಾಗಿನ ಬಿಗಿ), ರಿಬೌಂಡ್ ತಿರುಗಿಸುವ ಕ್ಲಿಕ್ಕುಗಳಿವೆ. ಹೊಸದು ಕೊಳ್ಳುವ ಮೊದಲು ಅವನ್ನೇ ಸರಿಮಾಡಿಸಿ ನೋಡಿ. ನಮ್ಮಲ್ಲಿ ಎಷ್ಟೋ ಮಂದಿ ಅವನ್ನು ಮುಟ್ಟಿಯೇ ಇರುವುದಿಲ್ಲ.

ಗ್ಯಾರೇಜಿನವರು ದುಡ್ಡು ವಾಪಸ್ ಕೊಡಲಿಲ್ಲ. ‘ಮರಳಲ್ಲಿ ಓಡಿಸುವ ಗಾಡಿಗೆ ಗ್ಯಾರಂಟಿ ಇಲ್ಲ’ ಅಂದರು. ಗ್ರಾಹಕರ ದೂರು ಕೊಡೋಣ ಅಂದರೆ ಕೈಯಲ್ಲಿರುವುದು ಒಂದೇ ಸಾಲಿನ ಬಿಲ್ಲು. ಅಣ್ಣನ ಗಾಡಿಗೆ ಈಗ ಹಳೆಯ ಎ-ಆರ್ಮು, ಹಳೆಯ ಶಾಕು, ಕಂಪನಿಯ ಪಿಸ್ಟನ್ನೇ ವಾಪಸ್ ಬಂದಿವೆ. ಇದೇ ಥರದ ಕಿಟ್‌ಗೆ ಯಾರಾದರೂ ಅಡ್ವಾನ್ಸ್ ಕೊಟ್ಟಿದ್ದರೆ ನಾಳೆಯೇ ಫೋನ್ ಮಾಡಿ. ಎ-ಆರ್ಮ್ ಮತ್ತು ಶಾಕಿನ ಪಾರ್ಟ್ ನಂಬರನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಟ್ಯೂನಿಂಗ್ ಮಾಡಿದ್ದೇವೆ ಅಂದರೆ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ತೆಗೆದ ಪ್ರಿಂಟ್ ಕೇಳಿ, ಅದರಲ್ಲಿ ಗಾಳಿ-ಪೆಟ್ರೋಲ್ ಗೆರೆಯೂ ಇರಬೇಕು. ನಿಮ್ಮ ಹೆಲ್ತ್ ಇನ್ಶೂರೆನ್ಸ್ ಕ್ವಾಡ್ ಅಪಘಾತಕ್ಕೆ ಹಣ ಕೊಡುತ್ತದೋ ಇಲ್ಲವೋ, ಅದನ್ನೂ ಈಗಲೇ ಕೇಳಿಟ್ಟುಕೊಳ್ಳಿ.