ನಿವೃತ್ತ ಸಿಸ್ಟರ್‌ಗಳೇ, ಕ್ಯಾಂಪಿಗೆ ಹೋಗುವ ಮುಂಚೆ ನಿಮ್ಮ ರಿನ್ಯೂವಲ್ ತಾರೀಕು ನೋಡಿ

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಮನೆಯಲ್ಲಿ ಬೇಡ ಅಂದರು. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನನ್ನ ಹಾಗೆ ನಿವೃತ್ತರಾಗಿ, ಕೈಕಾಲು ಗಟ್ಟಿ ಇದೆ, ಸುಮ್ನೆ ಕೂರೋದು ಯಾಕೆ ಅಂತ ಉಚಿತ ಆರೋಗ್ಯ ಶಿಬಿರಗಳಿಗೆ ಹೋಗುವ ಸಿಸ್ಟರ್‌ಗಳು ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಿ ಬೀರುವಿನಲ್ಲಿರುವ ನರ್ಸಿಂಗ್ ರಿಜಿಸ್ಟ್ರೇಷನ್ ರಿನ್ಯೂವಲ್ ಕಾಗದ ತೆಗೆದು ನೋಡಲಿ ಅಂತ ಬರೆಯುತ್ತಿದ್ದೇನೆ.

ನಾನು 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಹುಬ್ಬಳ್ಳಿಯಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಓದಿದ್ದು. ಆಮೇಲೆ ಘಟ್ಟದ ಮೇಲೂ ಕೆಲಸ ಮಾಡಿದೆ, ಕರಾವಳಿಯಲ್ಲೂ ಮಾಡಿದೆ. 2021ರಲ್ಲಿ, ಕೋವಿಡ್ ಎರಡನೇ ಅಲೆ ಜೋರಾಗಿದ್ದಾಗಲೇ, 60 ತುಂಬಿ ನಿವೃತ್ತಿ ಆಯಿತು. ಬೀಳ್ಕೊಡುಗೆಯೂ ಇಲ್ಲ, ಪಿಪಿಇ ಕಿಟ್ ಬಿಚ್ಚಿಟ್ಟು ಮನೆಗೆ ಬಂದೆ.

ಮರುವರ್ಷ ಜುಲೈನಲ್ಲಿ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತರಲ್ಲ, ಹೊನ್ನಾವರದಿಂದ ಹೊರಟಿದ್ದ ಗಾಡಿ, ಅದರ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಜಿಲ್ಲೆಯ ಕಥೆ ನಿಮಗೆ ಗೊತ್ತೇ ಇದೆ. ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಇಲ್ಲ ಹುಬ್ಬಳ್ಳಿ, ಕಾರವಾರದವರಾದರೆ ಗೋವಾ. ದಾರಿಯಲ್ಲೇ ಎಷ್ಟು ಜೀವ ಹೋಗಿವೆಯೋ. ಆಗಲೇ ತೀರ್ಮಾನ ಮಾಡಿದೆ, ತಿಂಗಳಿಗೆ ಎರಡು ಭಾನುವಾರ ಶಿಬಿರಕ್ಕೆ ಹೋಗುವುದು ಅಂತ. ಒಂದು ಸಂಸ್ಥೆಯವರು ಖುಷಿಯಿಂದ ಸೇರಿಸಿಕೊಂಡರು. ಹೆಸರು ಹೇಳುವುದಿಲ್ಲ, ಅವರ ಮೇಲೆ ದ್ವೇಷವೂ ಇಲ್ಲ. ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದರು, ಟಿ-ಶರ್ಟ್ ಕೊಟ್ಟರು. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಇದೆಯಾ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. 34 ವರ್ಷ ಕೆಲಸ ಮಾಡಿದವಳಿಗೆ ಇಲ್ಲದೆ ಇರುತ್ತದಾ ಅಂತ ಇಬ್ಬರೂ ಅಂದುಕೊಂಡೆವು.

2024ರ ಫೆಬ್ರವರಿ. ಕುಮಟಾ ಮತ್ತು ಅಂಕೋಲಾ ನಡುವಿನ ಒಂದು ಊರಿನ ಕನ್ನಡ ಶಾಲೆ. ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದ್ದರು. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬ ಮೀನುಗಾರ ಅಜ್ಜಿ ಬಂದರು. ತಲೆಯಲ್ಲಿ ಅಬ್ಬಲಿಗೆ ದಂಡೆ, ಎರಡೂ ಮಂಡಿ ಊದಿಕೊಂಡಿತ್ತು. ಡಾಕ್ಟರ್ ನೋಡಿ ಚೀಟಿಯಲ್ಲಿ ಮಾತ್ರೆ ಬರೆದರು. ಅಜ್ಜಿ ನನ್ನ ಕೈ ಹಿಡಿದುಕೊಂಡು, 'ತಂಗೀ, ಗುಳ್ಗಿ ಬ್ಯಾಡ. ಒಂದ್ ಸೂಜಿ ಚುಚ್ಚೇ. ನಾಳೆ ಮೀನ್ ಮಾರೂಕೆ ಹೋಗ್ಬೇಕು' ಅಂದರು. ನಾನು ಡಾಕ್ಟರ್ ಕಡೆ ನೋಡಿದೆ. ಅವರು ಮುಂದಿನ ರೋಗಿಯನ್ನು ಪರೀಕ್ಷೆ ಮಾಡುತ್ತಲೇ, 'ಹಾಂ ಸಿಸ್ಟರ್, ಒಂದು ಡೈಕ್ಲೋ ಕೊಟ್ಬಿಡಿ' ಅಂದರು. ಡೈಕ್ಲೋ ಅಂದರೆ ನೋವಿನ ಇಂಜೆಕ್ಷನ್. ಬಾಯಿಮಾತು. ಚೀಟಿಯಲ್ಲಿ ಇರಲಿಲ್ಲ.

ಡ್ಯೂಟಿಯಲ್ಲಿ ಇದ್ದಿದ್ದರೆ ನಾನು ಬರೆಸಿಕೊಳ್ಳದೆ ಸಿರಿಂಜ್ ಮುಟ್ಟುತ್ತಿರಲಿಲ್ಲ. ಜೂನಿಯರ್ ಹುಡುಗಿಯರಿಗೆ ಎಷ್ಟು ಸಲ ಬೈದಿದ್ದೇನೆ ಇದೇ ವಿಷಯಕ್ಕೆ. ಅವತ್ತು ಕ್ಯೂ ಬಾಗಿಲು ದಾಟಿ ಅಂಗಳದವರೆಗೆ ಇತ್ತು, ಬಿಸಿಲು, ಅಜ್ಜಿಯ ಮುಖ. ಯಾವುದಾದರೂ ಔಷಧ ಆಗಿಬರೋದಿಲ್ವಾ ಅಂತ ಕೇಳಿದೆ. ಇಲ್ಲ ಅಂದರು. ಕೊಟ್ಟೆ.

ಐದಾರು ನಿಮಿಷ ಆಗಿರಬಹುದು. ಅಜ್ಜಿ ಮೊದಲು ಅಂಗೈ ಕೆರೆದುಕೊಂಡರು. ಆಮೇಲೆ ಕುತ್ತಿಗೆ. ಮೇಲ್ದುಟಿ ದಪ್ಪ ಆಗುತ್ತಿರುವುದು ನನ್ನ ಕಣ್ಣೆದುರೇ ಕಾಣುತ್ತಿತ್ತು. ಒಣ ಕೆಮ್ಮು ಶುರುವಾಯಿತು. ನಾಡಿ ಹಿಡಿದರೆ ದಾರದ ಹಾಗೆ ಸಿಗುತ್ತದೆ, ಜಾರುತ್ತದೆ. ಅನಫೈಲ್ಯಾಕ್ಸಿಸ್, ಜೀವಕ್ಕೇ ಅಪಾಯ ತರುವ ಅಲರ್ಜಿ. ಅದಕ್ಕೆ ಮೊದಲು ಕೊಡಬೇಕಾದ ಔಷಧ ಅಡ್ರಿನಲಿನ್. ಮಲಗಿಸಿ, ಕಾಲು ಎತ್ತಿಟ್ಟು, ಅಡ್ರಿನಲಿನ್ ಕೊಡಿ ಅಂತ ಕೂಗಿದೆ. ಬೆಳಿಗ್ಗೆ ನಾನು ಎಮರ್ಜೆನ್ಸಿ ಟ್ರೇ ಇದೆಯಾ ಅಂತ ಕೇಳಿದಾಗ 'ಇದೆ ಇದೆ' ಅಂದಿದ್ದರು. ಟ್ರೇ ಇತ್ತು. ಅದರಲ್ಲಿ ಅಲರ್ಜಿಗೆ ಕೊಡುವ ಏವಿಲ್ ಇತ್ತು, ಹೈಡ್ರೋಕಾರ್ಟಿಸೋನ್ ಇತ್ತು, ಅಡ್ರಿನಲಿನ್ ಇರಲಿಲ್ಲ. ನಾನು ತೆರೆದು ನೋಡಿರಲಿಲ್ಲ. ಪಕ್ಕದ ಕೋಣೆಯಲ್ಲಿ ಹಲ್ಲಿನ ತಪಾಸಣೆಗೆ ಬಂದಿದ್ದ ಹುಡುಗಿ ತನ್ನ ಪೆಟ್ಟಿಗೆ ಹಿಡಿದುಕೊಂಡು ಓಡಿ ಬಂದಳು, ಅದರಲ್ಲಿ ಎರಡು ಆಂಪ್ಯೂಲ್ ಇದ್ದವು. ಡಾಕ್ಟರ್ ಅರ್ಧ ಎಂಎಲ್ ಅಂದರು, ತೊಡೆಯ ಹೊರಬದಿಗೆ ನಾನೇ ಕೊಟ್ಟೆ. ಅಜ್ಜಿಯ ಸೀರೆ ಸರಿಸುವಾಗ ನನ್ನ ಕೈ ನಡುಗುತ್ತಿತ್ತು, ಇಷ್ಟು ವರ್ಷದಲ್ಲಿ ಹಾಗೆ ಆಗಿರಲಿಲ್ಲ. 108 ಬಂತು, ತಾಲ್ಲೂಕು ಆಸ್ಪತ್ರೆಗೆ ಸೇರಿಸಿದರು, ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಅಜ್ಜಿ ಉಳಿದರು. ಆ ದಂತವೈದ್ಯೆ ಹುಡುಗಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಅಜ್ಜಿಯ ಮಗಳು ಆಸ್ಪತ್ರೆಯಲ್ಲಿ ಹೇಳಿದಳು, ಹಿಂದೊಮ್ಮೆ ನೋವಿನ ಇಂಜೆಕ್ಷನ್ ತಗೊಂಡಾಗ ಮೈತುಂಬಾ ದದ್ದು ಎದ್ದಿತ್ತು ಅಂತ. ಅಜ್ಜಿಗೆ ಅದು ಮರೆತೇ ಹೋಗಿತ್ತು. ವಯಸ್ಸಾದವರ ಜೊತೆ ಬಂದವರನ್ನೂ ಕೇಳಬೇಕು, ಇದನ್ನು ದಯವಿಟ್ಟು ನೆನಪಿಡಿ.

ನನ್ನ ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. ಹತ್ತು ದಿನ ಬಿಟ್ಟು ವಿಚಾರಣೆಗೆ ಕರೆದರು. ಅಧಿಕಾರಿ ಮರ್ಯಾದೆಯಿಂದಲೇ, 'ಸಿಸ್ಟರ್, ನಿಮ್ಮ ಸರ್ಟಿಫಿಕೇಟು ತೋರಿಸಿ' ಅಂದರು. ನಾನು ಲ್ಯಾಮಿನೇಟ್ ಮಾಡಿಸಿಟ್ಟಿದ್ದ ಹಳೆಯ ರಿಜಿಸ್ಟ್ರೇಷನ್ ಸರ್ಟಿಫಿಕೇಟು ತೆಗೆದು ಮೇಜಿನ ಮೇಲಿಟ್ಟೆ. ಮೂಲೆಯಲ್ಲಿ ನನ್ನ ಹುಡುಗಿ ವಯಸ್ಸಿನ ಫೋಟೋ, ಎರಡು ಜಡೆ. ಅವರು ಅದನ್ನು ತಿರುಗಿಸಿ ನೋಡಿ, 'ಇದು ರಿಜಿಸ್ಟ್ರೇಷನ್. ರಿನ್ಯೂವಲ್ ಎಲ್ಲಿ?' ಅಂದರು.

ನಾನು ಕೊನೆಯ ಸಲ ರಿನ್ಯೂವಲ್ ಮಾಡಿಸಿದ್ದು 2017ರಲ್ಲಿ. ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ಅಂದರೆ 2022ಕ್ಕೇ ಮುಗಿದಿತ್ತು. ಸೇವೆಯಲ್ಲಿ ಇದ್ದಾಗ ಆಫೀಸಿನವರು ಕಾಪಿ ಕೇಳುತ್ತಾರೆ, ಸೂಪರಿಂಟೆಂಡೆಂಟ್ ಮೇಡಂ ನೆನಪಿಸುತ್ತಾರೆ, ಜೊತೆಯವರೆಲ್ಲ ಒಟ್ಟಿಗೆ ಅರ್ಜಿ ಹಾಕುತ್ತಾರೆ. ನಿವೃತ್ತಿ ಆದಮೇಲೆ ನೆನಪಿಸುವವರು ಯಾರೂ ಇಲ್ಲ. ಪೆನ್ಷನ್‌ಗೆ ಬೇಕಾದ ಕಾಗದವನ್ನೆಲ್ಲ ಜೋಪಾನ ಮಾಡಿದ್ದೆ, ಇದು ಇನ್ನು ಬೇಡ ಅಂದುಕೊಂಡಿದ್ದೆ.

ಡಾಕ್ಟರ್ ಹೇಳಿಕೆ ಹೀಗಿತ್ತು: ನಾನು ಮಾತ್ರೆ ಬರೆದಿದ್ದೆ, ಚೀಟಿ ನೋಡಿ. ಸಂಸ್ಥೆಯವರ ಹೇಳಿಕೆ: ಅವರು ಸ್ವಇಚ್ಛೆಯಿಂದ ಬಂದ ಸ್ವಯಂಸೇವಕಿ, ನಮ್ಮ ನೌಕರರಲ್ಲ. ಎರಡೂ ಕಾಗದದ ಪ್ರಕಾರ ಸರಿ. ಉಳಿದವಳು ನಾನೊಬ್ಬಳು, ಅವಧಿ ಮುಗಿದ ರಿಜಿಸ್ಟ್ರೇಷನ್ ಇಟ್ಟುಕೊಂಡು, ಬರಹದ ಆದೇಶ ಇಲ್ಲದೆ, ರೋಗಿಗೆ ಇಂಜೆಕ್ಷನ್ ಕೊಟ್ಟವಳು. ಆ ವಾಕ್ಯವನ್ನು ಟೈಪ್ ಮಾಡಿದ ಹಾಳೆಯಲ್ಲಿ ಓದಿದಾಗ ಅದು ನಾನು ಅಂತ ನಂಬಲು ಆಗಲಿಲ್ಲ.

ಎಂಟು ತಿಂಗಳು ಹಾಗೇ ಹೋಯಿತು. ಅಜ್ಜಿಯ ಮನೆಯವರು ದೂರು ಕೊಡಲಿಲ್ಲ, ಅದು ಅವರ ದೊಡ್ಡತನ. ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನಡುವೆ ವಕೀಲರನ್ನು ಕೇಳಿದ್ದೆ. ಉಚಿತ ಸೇವೆ ಅಲ್ವಾ, ಕೇಸು ಹೇಗೆ ಆಗುತ್ತದೆ ಅಂದೆ. ಅವರು ಬಿಡಿಸಿ ಹೇಳಿದರು. ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ಒಳಗೆ ಬರುವುದಿಲ್ಲ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ನಿಜ, ಆದರೆ ನಿರ್ಲಕ್ಷ್ಯದ ಕ್ರಿಮಿನಲ್ ಕೇಸಿಗೆ ದುಡ್ಡು ತಗೊಂಡಿದ್ದೀರಾ ಇಲ್ಲವಾ ಅನ್ನುವುದು ಲೆಕ್ಕಕ್ಕೇ ಇಲ್ಲ. ಇನ್ನೊಂದು, ಹೆದ್ದಾರಿ 66ರಲ್ಲಿ ಅಪಘಾತ ಆಗಿ ಬಿದ್ದವರಿಗೆ ನೆರವಾದರೆ ನಮಗೆ ರಕ್ಷಣೆ ಇದೆ, 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅದನ್ನು ಸೇರಿಸಿದ್ದಾರೆ. ಅದು ರಸ್ತೆ ಅಪಘಾತಕ್ಕೆ. ಬ್ಯಾನರ್ ಕಟ್ಟಿ, ಟೋಕನ್ ಕೊಟ್ಟು ಮಾಡುವ ಶಿಬಿರಕ್ಕೆ ಅದು ಬರುವುದಿಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಜೊತೆ ಓದಿದವಳೊಬ್ಬಳು ಅಮೆರಿಕದ ಫ್ಲೋರಿಡಾದಲ್ಲಿದ್ದಾಳೆ, ಅವಳೂ ನಿವೃತ್ತಳು. ಫೋನಿನಲ್ಲಿ ಅತ್ತುಕೊಂಡು ಎಲ್ಲ ಹೇಳಿದಾಗ ಅವಳು ಅಲ್ಲಿಯ ಪದ್ಧತಿ ವಿವರಿಸಿದಳು. ಅಲ್ಲಿ ಲೈಸೆನ್ಸನ್ನು ಇನ್‌ಆ್ಯಕ್ಟಿವ್ ಮಾಡಿ ಇಡಬಹುದು, ರಿಟೈರ್ಡ್ ಅಂತಲೂ ಮಾಡಿಸಬಹುದು. ಎರಡರಲ್ಲೂ ಹೆಸರು ದಾಖಲೆಯಲ್ಲಿ ಇರುತ್ತದೆ, ರೋಗಿಯನ್ನು ಮುಟ್ಟುವ ಹಾಗಿಲ್ಲ. ಸೇವೆ ಮಾಡಬೇಕು ಅನ್ನುವ ನಿವೃತ್ತರಿಗೆ ಬೇರೆಯೇ ಒಂದು ಸರ್ಟಿಫಿಕೇಟು ಇದೆ, ನಿವೃತ್ತ ಸ್ವಯಂಸೇವಕ ನರ್ಸ್ ಅಂತ. ಅದು ಇದ್ದರೆ ಡಾಕ್ಟರ್ ಅಥವಾ ಕೌಂಟಿ ಆರೋಗ್ಯ ಇಲಾಖೆಯ ನಿರ್ದೇಶಕರಂಥವರ ನೇರ ಉಸ್ತುವಾರಿಯಲ್ಲಿ, ಅಲ್ಲಿಯ ನರ್ಸಿಂಗ್ ಬೋರ್ಡ್ ಒಪ್ಪಿದ ಕಡೆ ಮಾತ್ರ, ಅದೂ ಹೊಣೆಗಾರಿಕೆಯ ವಿಮೆ ಇರುವ ಜಾಗದಲ್ಲಿ ಮಾತ್ರ ಕೆಲಸ ಮಾಡಬಹುದು. ನಿಯಂತ್ರಿತ ಔಷಧ ಕೊಡುವಂತಿಲ್ಲ, ಬೇರೆ ನರ್ಸ್‌ಗಳ ಮೇಲ್ವಿಚಾರಣೆ ಮಾಡುವಂತಿಲ್ಲ, ದುಡ್ಡು ತಗೊಳ್ಳುವಂತಿಲ್ಲ. ಕೇಳುತ್ತಾ ಹೊಟ್ಟೆಯಲ್ಲಿ ಸಂಕಟ ಆಯಿತು. ನಿವೃತ್ತಳಾದ ಸಿಸ್ಟರ್ ಏನು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು ಅಂತ ಯಾರೋ ಕೂತು ಯೋಚಿಸಿ ಬರೆದಿಟ್ಟಿದ್ದಾರೆ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಚಾಲ್ತಿಯಲ್ಲಿದೆಯೋ ಇಲ್ಲವೋ.

ಈಗ ರಿನ್ಯೂವಲ್ ಬಗ್ಗೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಐದು ವರ್ಷಕ್ಕೆ 150 ಗಂಟೆ ಮುಂದುವರಿದ ಶಿಕ್ಷಣ ಬೇಕು, ಸಿಎನ್ಇ ಅಂತೀವಲ್ಲ ಅದು. ಸೇವೆಯಲ್ಲಿದ್ದಾಗ ನಾನು ಎಷ್ಟೋ ಕಾರ್ಯಾಗಾರಕ್ಕೆ ಹೋಗಿದ್ದೆ. ಕ್ವಾರ್ಟರ್ಸ್ ಖಾಲಿ ಮಾಡುವಾಗ ಆ ಸರ್ಟಿಫಿಕೇಟುಗಳ ಕಟ್ಟನ್ನು ಹಳೇ ಪೇಪರಿನ ಜೊತೆ ಕೊಟ್ಟುಬಿಟ್ಟೆ. ನೀವು ಹಾಗೆ ಮಾಡಬೇಡಿ. ನಿವೃತ್ತಿ ಹತ್ತಿರ ಇರುವವರು, ಆಸ್ಪತ್ರೆಯಲ್ಲಿ ಇರುವಾಗಲೇ ಒಂದು ಸಲ ರಿನ್ಯೂವಲ್ ಮಾಡಿಸಿಕೊಂಡೇ ಹೊರಗೆ ಬನ್ನಿ. ಆಗ ಐದು ವರ್ಷ ನಿಶ್ಚಿಂತೆ. ಇನ್ನೊಂದು ತೊಡಕು ನಮ್ಮ ಕಾಲದ ಹೆಂಗಸರಿಗೆ ಎಲ್ಲರಿಗೂ ಇರುವುದೇ: ರಿಜಿಸ್ಟ್ರೇಷನ್‌ನಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ನನಗೆ ಅಫಿಡವಿಟ್ ಮಾಡಿಸಬೇಕಾಯಿತು, ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಎರಡು ಸಲ ಹೋಗಬೇಕಾಯಿತು. ಮಂಡಿ ನೋವಿನಲ್ಲಿ ರಾತ್ರಿಯಿಡೀ ಕೂತು ಹೋಗುವುದು ಸುಲಭ ಅಲ್ಲ. ಹೆಸರಿನ ವ್ಯತ್ಯಾಸವನ್ನು ಮೊದಲೇ ಸರಿ ಮಾಡಿಸಿಕೊಳ್ಳಿ. ಮಿಡ್‌ವೈಫ್ ರಿಜಿಸ್ಟ್ರೇಷನ್ ಕೂಡ ಇದ್ದರೆ ಅದರ ತಾರೀಕನ್ನೂ ನೋಡಿ.

ಶಿಬಿರ ನಡೆಸುವವರಿಗೂ ಒಂದು ಮಾತು. ನಿಮ್ಮ ಉದ್ದೇಶ ಒಳ್ಳೆಯದು, ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಟಿ-ಶರ್ಟ್ ಸೈಜ್ ಕೇಳುವ ಮೊದಲು ರಿನ್ಯೂವಲ್ ಕಾಪಿ ಕೇಳಿ. ಬಂದ ಡಾಕ್ಟರ್‌ಗೆ, ಬಾಯಿಮಾತಿನ ಆರ್ಡರ್ ಇಲ್ಲಿ ನಡೆಯುವುದಿಲ್ಲ ಅಂತ ಬೆಳಿಗ್ಗೆಯೇ ಹೇಳಿ. ಎಮರ್ಜೆನ್ಸಿ ಟ್ರೇಯಲ್ಲಿ ಅಡ್ರಿನಲಿನ್ ಇದೆಯಾ ಅಂತ ತೆರೆದು ತೋರಿಸಿ. ಸಣ್ಣ ಆಂಪ್ಯೂಲ್ ಅದು, ಅದು ಇಲ್ಲದ ಜಾಗದಲ್ಲಿ ಇಂಜೆಕ್ಷನ್ ಕೊಡಲೇಬಾರದು.

ಸೇವೆ ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಬಿಟ್ಟಿಲ್ಲ. ರಿನ್ಯೂವಲ್ ಬರುವವರೆಗೆ ಟೋಕನ್ ಮೇಜಿನಲ್ಲಿ ಕೂತೆ. ಚೀಟಿ ಓದಲು ಬಾರದವರಿಗೆ ಯಾವ ಮಾತ್ರೆ ಊಟದ ಮುಂಚೆ, ಯಾವುದು ಆಮೇಲೆ ಅಂತ ಹೇಳಿಕೊಟ್ಟೆ. ಹಳೆಯ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ತರಿಸಿ, ಆಗಿಬರದ ಔಷಧ ಯಾವುದು ಅಂತ ಮನೆಯವರನ್ನೂ ಕೇಳಿ ಬರೆದುಕೊಂಡೆ. ಅದು ಕಡಿಮೆ ಕೆಲಸ ಅಂತ ಮೊದಲ ದಿನ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಪಕ್ಕದ ಮನೆಯವರು ಬಾಟಲಿ, ಸೂಜಿ ಹಿಡಿದುಕೊಂಡು 'ಸಿಸ್ಟರ್, ನೀವೇ ಹಾಕಿಬಿಡಿ' ಅಂತ ಬಂದರೆ ಈಗ ಆಗುವುದಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಂಡರೂ ಜೊತೆಗೆ ಆಸ್ಪತ್ರೆಗೆ ನಡೆದು ಹೋಗುತ್ತೇನೆ.

ಮೊನ್ನೆ ಶಿರಸಿಯ ನನ್ನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ನನಗಿಂತ ಒಂದು ವರ್ಷ ಮೊದಲು ನಿವೃತ್ತಳಾದವಳು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, 'ಬರೋ ಭಾನುವಾರ ಸಿದ್ದಾಪುರದ ಕಡೆ ಒಂದು ಕ್ಯಾಂಪ್ ಇದ್ದು ಮಾರಾಯ್ತಿ, ಅಷ್ಟರೊಳಗೆ ಹುಡುಕಿ ನೋಡ್ತೆ' ಅಂದಳು. ಫೋನ್ ಇಡಬೇಡ, ಈಗಲೇ ಎದ್ದು ಬೀರು ತೆಗೆ ಅಂದೆ. ಅವಳು ಹೋಗಿ ಕಾಗದ ಹುಡುಕಿ ತರುವವರೆಗೆ ನಾನು ಲೈನಿನಲ್ಲೇ ಕಾದೆ. ಅವಳದು 2023ರ ಮಾರ್ಚಿಗೇ ಮುಗಿದಿತ್ತು.