ಸಿಂಗಾಪುರದಿಂದ ನ್ಯೂಯಾರ್ಕ್‌ಗೆ: ನೇರ ವಿಮಾನವೋ, ಫ್ರಾಂಕ್‌ಫರ್ಟ್ ದಾರಿಯೋ?

ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ನನ್ನ ಓಟು ನೇರ ವಿಮಾನಕ್ಕೇ. ನಾವಿರುವುದು ಸಿಂಗಾಪುರದಲ್ಲಿ, ಅಕ್ಕ ಇರುವುದು ನ್ಯೂಯಾರ್ಕ್‌ನಲ್ಲಿ. ಮೊದಲ ಸಲ ಫ್ರಾಂಕ್‌ಫರ್ಟ್ ಮೇಲೆ ಹೋದೆವು, ಎರಡನೇ ಸಲ ನೇರವಾಗಿ.

ಮೊದಲ ಸಲ ನಾನು ಬರೀ ಕಿಲೋಮೀಟರ್ ಲೆಕ್ಕ ಹಾಕಿದ್ದೆ. ನೇರ ದೂರ ಸುಮಾರು 15,300 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಸುಮಾರು 16,500. ಸಾವಿರ ಚಿಲ್ಲರೆ ಕಿಲೋಮೀಟರ್ ತಾನೇ, ಒಂದೂವರೆ ಗಂಟೆ ಜಾಸ್ತಿ ಆದೀತು ಅಂದುಕೊಂಡೆ. ಆದರೆ ನೇರ ವಿಮಾನಕ್ಕೆ ಹಿಡಿಯುವುದು 18–19 ಗಂಟೆ, ಫ್ರಾಂಕ್‌ಫರ್ಟ್ ದಾರಿಗೆ, ಅಲ್ಲಿ ನಿಲ್ಲುವ ಎರಡು ಗಂಟೆ ಸೇರಿ, ಹತ್ತಿರ ಹತ್ತಿರ 24. ಫ್ರಾಂಕ್‌ಫರ್ಟ್ ದಾರಿ ಪಶ್ಚಿಮಕ್ಕೆ, ಹಾಗೆ ಹೋಗುವಾಗ ಮೇಲಿನ ಗಾಳಿ ಎದುರಿಗೆ ಬೀಸುತ್ತದೆ. ನೇರ ವಿಮಾನ ಎಷ್ಟೋ ಸಲ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರ ದಾಟುತ್ತದೆ. ಸುತ್ತು ಜಾಸ್ತಿಯಾದರೂ ಗಾಳಿ ಬೆನ್ನಿಗಿರುತ್ತದೆ.

ಇಷ್ಟನ್ನೂ ಸಹಿಸಬಹುದಿತ್ತು. ಸುಸ್ತು ಮಾಡಿದ್ದು ಫ್ರಾಂಕ್‌ಫರ್ಟ್‌ನಲ್ಲಿ ನಿಂತ ಆ ಎರಡು ಗಂಟೆ.

ಟಿಕೆಟ್‌ನಲ್ಲಿ ಒಂದೇ ಫ್ಲೈಟ್ ನಂಬರ್ ಇತ್ತು. ಮುಂದಕ್ಕೂ ಅದೇ ವಿಮಾನ, ಅದೇ ಸೀಟು. ಹಾಗಾಗಿ ಅಮ್ಮ ಕೂತಲ್ಲೇ ಇರಬಹುದು ಅಂತ ನಂಬಿದ್ದೆ. ವಿಮಾನ ನೆಲಕ್ಕಿಳಿದ ಮೇಲೆ ಗೊತ್ತಾಯಿತು, ಎಲ್ಲರೂ ಕೈಚೀಲ ಸಮೇತ ಕೆಳಗಿಳಿಯಲೇಬೇಕು. ಆಗಿನ್ನೂ ಬೆಳಗಿನ ಜಾವ. ರಾತ್ರಿಯೆಲ್ಲ ಹೊರಳಾಡಿ ಅಮ್ಮನಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಎಬ್ಬಿಸಿದೆ. ಬಿಚ್ಚಿಟ್ಟಿದ್ದ ಚಪ್ಪಲಿ ಊದಿದ ಕಾಲಿಗೆ ಏರಲಿಲ್ಲ, ಹಿಂಬದಿ ತುಳಿದುಕೊಂಡೇ ನಡೆದಳು.

ಮತ್ತೆ ಸೆಕ್ಯುರಿಟಿ ಸಾಲು. ಶಾಲು, ಮಾತ್ರೆ ಡಬ್ಬಿ, ಫೋನು ಎಲ್ಲ ಟ್ರೇಗೆ. ನೀರಿನ ಬಾಟಲಿ ಖಾಲಿ ಮಾಡಬೇಕಾಯಿತು. ಅತ್ತ ಕಡೆ ಬಂದು ಮಾತ್ರೆ ಡಬ್ಬಿ ಎಲ್ಲಿ ಅಂತ ಮತ್ತೆ ಹುಡುಕಾಟ. ಗೇಟ್ ಹತ್ತಿರ ಕೂತು ಕಾಲು ಚಾಚುವಷ್ಟರಲ್ಲಿ ಬೋರ್ಡಿಂಗ್ ಶುರುವಾಯಿತು. ‘ಇಳಿದಿದ್ದು ಯಾಕೆ, ಅದೇ ಸೀಟಿಗೆ ಹತ್ತಿದ್ದು ಯಾಕೆ?’ ಅಂತ ಅಮ್ಮ ಕೇಳಿದಳು. ಅಲ್ಲಿಂದ ಇನ್ನೂ ಎಂಟು ಗಂಟೆಗೂ ಮಿಕ್ಕಿ ಪ್ರಯಾಣವಿತ್ತು. ಅವಳಿಗೆ ಮತ್ತೆ ನಿದ್ದೆ ಬರಲಿಲ್ಲ.

ನೇರ ವಿಮಾನದಲ್ಲಿ ಈ ಕಾಟ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹತ್ತಿದೆವು, ಅಲ್ಲಿಯ ಲೆಕ್ಕಕ್ಕೆ ಅದೇ ದಿನ ಸಂಜೆ ಇಳಿದೆವು. ಎರಡು ಗಂಟೆಗೊಮ್ಮೆ ಎಬ್ಬಿಸಿ ನಡುದಾರಿಯಲ್ಲಿ ನಡೆಸಿದೆ. ಕೊನೆಯ ನಾಲ್ಕು ಗಂಟೆ ಬೇಜಾರು ಹಿಡಿಯಿತು, ನಿಜ. ಊಟ ಎರಡರಲ್ಲೂ ಪರವಾಗಿಲ್ಲ.

ತೊಡಕಿರುವುದು ದುಡ್ಡಿನಲ್ಲಿ. ನಾವು ನೇರವಾಗಿ ಹೋದ ಎ350-900ಯುಎಲ್‌ಆರ್ (ಬಹುದೂರ ಹಾರುವ ಏರ್‌ಬಸ್ ಮಾದರಿ) ವಿಮಾನದಲ್ಲಿ ಅಗ್ಗದ ಸಾಮಾನ್ಯ ಎಕಾನಮಿಯೇ ಇಲ್ಲ. 67 ಬಿಸಿನೆಸ್ ಸೀಟು, 94 ಪ್ರೀಮಿಯಂ ಎಕಾನಮಿ, ಅಷ್ಟೇ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಎಕಾನಮಿ ಸಿಗುತ್ತದೆ. ನಾನೊಬ್ಬನೇ ಹೋಗುವುದಾದರೆ ಈಗಲೂ ಅದನ್ನೇ ಹತ್ತುತ್ತೇನೆ. ನನಗೆ ಎಲ್ಲಿ ಕೂತರೂ ನಿದ್ದೆ ಬರುತ್ತದೆ, ಉಳಿದ ದುಡ್ಡಲ್ಲಿ ಅಕ್ಕನ ಮಕ್ಕಳಿಗೆ ಏನಾದರೂ ಒಯ್ಯಬಹುದು.

ಅಮ್ಮನ ಜೊತೆ ಹೋಗುವುದು ಎರಡು ವರ್ಷಕ್ಕೊಮ್ಮೆ. ಅದಕ್ಕೆ ತಿಂಗಳು ತಿಂಗಳು ಬೇರೆಯಾಗಿ ದುಡ್ಡು ಎತ್ತಿಡುತ್ತಿದ್ದೇನೆ. ಮುಂದಿನ ಸಲಕ್ಕೂ ನೇರ ವಿಮಾನವೇ, ಅವಳಿಗೆ ನಡುದಾರಿ ಪಕ್ಕದ ಸೀಟು.