ಮನೆಯ ಸ್ಪಾ ಸ್ನಾನದ ಸಾಮಗ್ರಿ: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬಹುದು

‘ಮನೆಯಲ್ಲೇ ಸ್ಪಾ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪೆಟ್ಟಿಗೆಗಳನ್ನು ತೆರೆದು ನೋಡಿದರೆ ಒಳಗಿರುವ ಸಾಮಾನು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಒಂದು ಚೀಲ ಎಪ್ಸಮ್ ಉಪ್ಪು, ಕೆಲವು ಬಾತ್ ಬಾಂಬ್‌ಗಳು, ಲ್ಯಾವೆಂಡರ್ ಎಣ್ಣೆಯ ಪುಟ್ಟ ಸೀಸೆ, ನೊರೆ ಬರಿಸುವ ದ್ರಾವಣ, ಮೇಣದ ಬತ್ತಿ ಮತ್ತು ತಲೆಯಾನಿಸಲು ಒಂದು ದಿಂಬು. ಬೇರೆ ಬೇರೆ ತಯಾರಕರ ಇಂಥ ಸಾಮಗ್ರಿಗಳನ್ನು ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದಾದ್ದರಿಂದ, ಇಲ್ಲಿ ಯಾವುದೇ ಒಂದು ಬ್ರ್ಯಾಂಡನ್ನು ಹೊಗಳುವ ಅಥವಾ ತೆಗಳುವ ಉದ್ದೇಶವಿಲ್ಲ. ಪ್ರತಿಯೊಂದು ಬಗೆಯ ವಸ್ತುವೂ ತಾನು ಹೇಳಿಕೊಳ್ಳುವ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಇಂಥ ಸ್ನಾನದಿಂದ ದೊರೆಯುವ ವಿಶ್ರಾಂತಿಯ ಬಹುಪಾಲು ಪೆಟ್ಟಿಗೆಯಲ್ಲಿ ಇಲ್ಲದ ಎರಡು ಸಂಗತಿಗಳಿಂದ, ಅಂದರೆ ನೀರಿನ ಬಿಸಿಯಿಂದ ಮತ್ತು ಸ್ನಾನಕ್ಕೆ ಆರಿಸಿಕೊಂಡ ಹೊತ್ತಿನಿಂದ ಬರುತ್ತದೆ.

ಆದ್ದರಿಂದ ನಾನು ಮೊದಲು ಶಿಫಾರಸು ಮಾಡುವ ವಸ್ತು ನೀರಿನ ಮೇಲೆ ತೇಲುವ ಸಾಧಾರಣ ಥರ್ಮಾಮೀಟರ್. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ 40ರಿಂದ 42.5 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಹತ್ತು ನಿಮಿಷದಷ್ಟು ಸ್ನಾನ ಮಾಡಿದರೂ ನಿದ್ರೆ ಬೇಗ ಹತ್ತುತ್ತದೆ ಮತ್ತು ಅದರ ಗುಣಮಟ್ಟ ಸುಧಾರಿಸುತ್ತದೆ ಎಂದು, ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೇಳುತ್ತದೆ. ಇದರ ಹಿಂದಿನ ಕಾರಣ ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಬಿಸಿ ನೀರು ಅಂಗೈ ಮತ್ತು ಅಂಗಾಲುಗಳ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ನೀರಿನಿಂದ ಎದ್ದ ಮೇಲೆ ಆ ದಾರಿಯಿಂದಲೇ ಒಡಲಿನ ಶಾಖ ಹೊರಗೆ ಹೋಗಿ ದೇಹದ ಒಳಗಿನ ಉಷ್ಣತೆ ಇಳಿಯುತ್ತದೆ, ಮತ್ತು ಆ ಇಳಿತವೇ ದೇಹಕ್ಕೆ ನಿದ್ರೆಯ ಸೂಚನೆ. ಹಾಸಿಗೆಗೆ ಹೋಗುವ ಗಳಿಗೆಯಲ್ಲೇ ಸ್ನಾನ ಮಾಡಿದರೆ ಶಾಖ ಇಳಿಯಲು ಸಮಯವೇ ಸಿಗುವುದಿಲ್ಲ. ಕೈಯದ್ದಿ ನೋಡಿ ಬಿಸಿಯನ್ನು ಅಂದಾಜು ಮಾಡುವುದು ನಂಬಲರ್ಹವಲ್ಲ, ಏಕೆಂದರೆ ತಣ್ಣಗಿದ್ದ ಕೈಗೆ ಉಗುರುಬೆಚ್ಚಗಿನ ನೀರೂ ಸುಡುವಂತೆ ತೋರುತ್ತದೆ. ಮೂರು ಡಿಗ್ರಿಯ ವ್ಯತ್ಯಾಸದಲ್ಲಿ ಹಿತವಾದ ಸ್ನಾನ ಎದೆ ಬಡಿದುಕೊಳ್ಳುವಂಥ ಸ್ನಾನವಾಗಿ ಬದಲಾಗಬಲ್ಲದು. ಸ್ನಾನದ ತೊಟ್ಟಿಯಿಲ್ಲದ ಮನೆಯವರು ನಿರಾಶರಾಗಬೇಕಿಲ್ಲ: ಶಾಖವನ್ನು ಹೊರಹಾಕುವ ಮುಖ್ಯ ಜಾಗಗಳಲ್ಲಿ ಅಂಗಾಲೂ ಒಂದಾದ್ದರಿಂದ ಅಗಲವಾದ ಪಾತ್ರೆಯಲ್ಲಿ ಕಾಲಿಟ್ಟು ಕುಳಿತರೂ ಇದೇ ಪರಿಣಾಮದ ಸಾಕಷ್ಟು ಭಾಗ ದೊರೆಯುತ್ತದೆ.

ಇನ್ನು ಪೆಟ್ಟಿಗೆಯ ರಾಜನೆಂದರೆ ಎಪ್ಸಮ್ ಉಪ್ಪು. ರಾಸಾಯನಿಕವಾಗಿ ಇದು ಮೆಗ್ನೀಸಿಯಮ್ ಸಲ್ಫೇಟ್. ‘ಚರ್ಮದ ಮೂಲಕ ಮೆಗ್ನೀಸಿಯಮ್ ಒಳಹೋಗಿ ಸ್ನಾಯುಗಳ ಬಿಗುವನ್ನು ಬಿಡಿಸುತ್ತದೆ’ ಎಂಬ ವಾಕ್ಯ ಬಹುತೇಕ ಎಲ್ಲ ಚೀಲಗಳ ಮೇಲೂ ಒಂದಲ್ಲ ಒಂದು ರೂಪದಲ್ಲಿ ಅಚ್ಚಾಗಿರುತ್ತದೆ, ಆದರೆ ಆರೋಗ್ಯವಂತ ಚರ್ಮದ ಹೊರಪದರ ಇಂಥ ವಿದ್ಯುದಾವೇಶವುಳ್ಳ ಕಣಗಳನ್ನು ತಡೆಯುವುದಕ್ಕೆಂದೇ ಇರುವಂಥದ್ದು, ಮತ್ತು ಗಣನೀಯ ಪ್ರಮಾಣದಲ್ಲಿ ಮೆಗ್ನೀಸಿಯಮ್ ಒಳಸೇರುತ್ತದೆ ಎನ್ನಲು ಗಟ್ಟಿಯಾದ ಪುರಾವೆಯಿಲ್ಲ. ‘ಸಮುದ್ರ ಸ್ನಾನದ ಅನುಭವ’ ಎಂಬ ಮಾತನ್ನಂತೂ ಲೆಕ್ಕ ಹಾಕಿಯೇ ನೋಡಬಹುದು. ಒಂದು ತೊಟ್ಟಿಯಲ್ಲಿ 150 ಲೀಟರ್ ನೀರಿದೆ ಎಂದುಕೊಳ್ಳೋಣ; ಅದಕ್ಕೆ ಅರ್ಧ ಕಿಲೋ ಉಪ್ಪು ಹಾಕಿದರೆ ಲೀಟರಿಗೆ ಮೂರು ಗ್ರಾಂಗಿಂತ ಸ್ವಲ್ಪ ಹೆಚ್ಚಾಯಿತು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ, ಮೃತ ಸಮುದ್ರದಲ್ಲಿ ಅದರ ಹತ್ತು ಪಟ್ಟಿಗೆ ಹತ್ತಿರ. ಮನೆಯ ತೊಟ್ಟಿಯಲ್ಲಿ ಮೃತ ಸಮುದ್ರವನ್ನು ಸೃಷ್ಟಿಸಬೇಕಾದರೆ ಐವತ್ತು ಕಿಲೋ ಉಪ್ಪು ಸುರಿಯಬೇಕಾಗುತ್ತದೆ, ಆಮೇಲೆ ಕೊಳವೆಗಳ ಗತಿಯೇನೆಂದು ಯೋಚಿಸುವುದೇ ಬೇಡ. ಹೀಗಿದ್ದೂ ನಾನು ಈ ಉಪ್ಪನ್ನು ತಳ್ಳಿಹಾಕುವುದಿಲ್ಲ. ನೀರು ಮೈಗೆ ಮೃದುವೆನಿಸುತ್ತದೆ, ಯಾವ ಕಲೆಯೂ ಉಳಿಯುವುದಿಲ್ಲ, ವಾಸನೆಯಿಲ್ಲದ ಸಾದಾ ಉಪ್ಪು ತೀರ ಅಗ್ಗ. ಅದೇ ಉಪ್ಪಿಗೆ ಬಣ್ಣವನ್ನೂ ಒಣಗಿದ ಹೂವಿನ ಎಸಳುಗಳನ್ನೂ ಬೆರೆಸಿ ಹಲವು ಪಟ್ಟು ಬೆಲೆಗೆ ಮಾರುವ ಗಾಜಿನ ಜಾಡಿಗಳನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಎಸಳುಗಳು ಕೊನೆಗೆ ಸೇರುವುದು ಚರಂಡಿಯ ಜಾಲರಿಯನ್ನೇ.

ಬಾತ್ ಬಾಂಬ್ ಮುಖ್ಯವಾಗಿ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲದ ಒಣ ಉಂಡೆ. ನೀರು ತಗುಲಿದೊಡನೆ ಎರಡೂ ವರ್ತಿಸಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹೊರಬರುತ್ತದೆ, ಬಣ್ಣ ಸುರುಳಿ ಸುರುಳಿಯಾಗಿ ಹರಡುತ್ತದೆ, ಕೆಲವೇ ನಿಮಿಷಗಳಲ್ಲಿ ನಾಟಕ ಮುಗಿಯುತ್ತದೆ. ಲಶ್ ಎಂಬ ಸೌಂದರ್ಯವರ್ಧಕ ಸಂಸ್ಥೆಯ ಸಹಸಂಸ್ಥಾಪಕಿ ಮೋ ಕಾನ್ಸ್ಟಂಟೈನ್ 1989ರಲ್ಲಿ ಇದನ್ನು ರೂಪಿಸಿದಾಗಿನಿಂದ ಇದರ ಆಕರ್ಷಣೆ ಕಣ್ಣಿಗೆ ಸಂಬಂಧಿಸಿದ್ದು, ಮತ್ತು ಆ ಮಟ್ಟಿಗೆ ಅದು ಮೋಸ ಮಾಡುವುದಿಲ್ಲ. ಕೊಳ್ಳುವವರು ಮಿನುಗುಪುಡಿಯಿಲ್ಲದ, ಬಣ್ಣ ಕಡಿಮೆಯಿರುವ ಉಂಡೆಯನ್ನು ಆರಿಸಿಕೊಂಡರೆ ತೊಟ್ಟಿಯನ್ನು ಉಜ್ಜುವ ಶ್ರಮ ಉಳಿಯುತ್ತದೆ.

ನಾನು ಅತ್ಯಂತ ಎಚ್ಚರದಿಂದ ನೋಡುವುದು ಪುಟ್ಟ ಸೀಸೆಯ ಸುಗಂಧ ತೈಲವನ್ನು. ‘ಕೆಲವು ಹನಿಗಳನ್ನು ನೀರಿಗೆ ಹಾಕಿ’ ಎಂಬ ಸೂಚನೆಯನ್ನು ತಯಾರಕರೇ ಅಚ್ಚು ಹಾಕಿಸುತ್ತಾರೆ, ಆದರೆ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಹನಿ ಮೇಲೆ ತೇಲುತ್ತಿದ್ದು, ಒಳಗೆ ಕುಳಿತವರ ಚರ್ಮಕ್ಕೆ ಸ್ವಲ್ಪವೂ ತೆಳುವಾಗದ ಗಾಢ ರೂಪದಲ್ಲೇ ಅಂಟಿಕೊಳ್ಳುತ್ತದೆ. ಬಿಸಿಯಿಂದ ಮೆತ್ತಗಾದ ಚರ್ಮಕ್ಕೆ ಉರಿಯಾಗಲು ಅಷ್ಟು ಸಾಕು. ಉಪ್ಪಿನೊಂದಿಗೆ ಕಲಸಿ ಹಾಕಿದರೂ ಉಪ್ಪು ಕರಗಿದೊಡನೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಮೊದಲು ಬಾದಾಮಿ ಎಣ್ಣೆಯಂಥ ತಟಸ್ಥ ಎಣ್ಣೆಯಲ್ಲಿ ಬೆರೆಸಬೇಕು, ಇಲ್ಲವೇ ಪಾಲಿಸಾರ್ಬೇಟ್ 20ರಂಥ, ಎಣ್ಣೆಯನ್ನು ನೀರಿನಲ್ಲಿ ಹರಡಿಸುವ ಪದಾರ್ಥ ಮೊದಲೇ ಸೇರಿರುವ ತಯಾರಿಕೆಯನ್ನು ಕೊಳ್ಳಬೇಕು. ಲ್ಯಾವೆಂಡರಿನಲ್ಲಿರುವ ಲಿನಲೂಲ್ ಮತ್ತು ನಿಂಬೆ ಜಾತಿಯ ಎಣ್ಣೆಗಳಲ್ಲಿರುವ ಲಿಮೊನೀನ್ ಗಾಳಿಯ ಸಂಪರ್ಕದಲ್ಲಿ ಹಳತಾದಂತೆ ಅಲರ್ಜಿ ತರುವ ಸಂಯುಕ್ತಗಳಾಗಿ ಮಾರ್ಪಡುತ್ತವೆ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ, ತೊಳೆದು ತೆಗೆಯುವ ಉತ್ಪನ್ನಗಳಲ್ಲಿ ಇವು ಶೇಕಡಾ 0.01ಕ್ಕಿಂತ ಹೆಚ್ಚಿದ್ದರೆ ಚೀಟಿಯ ಮೇಲೆ ಹೆಸರಿಸಲೇಬೇಕು; ಆ ಚೀಟಿಯನ್ನು ಓದುವ ಅಭ್ಯಾಸ ಎಲ್ಲಿದ್ದವರಿಗೂ ಉಪಯುಕ್ತ. ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತ ಸೀಸೆಯನ್ನು ಉಳಿತಾಯದ ಹೆಸರಿನಲ್ಲಿ ಸ್ನಾನಕ್ಕೆ ಬಳಸಬಾರದು. ಬೆರೆಸುವ ಎಣ್ಣೆ ಯಾವುದೇ ಇರಲಿ, ತೊಟ್ಟಿಯ ತಳವನ್ನು ಜಾರುವಂತೆ ಮಾಡುತ್ತದೆ ಎಂಬುದೂ ನೆನಪಿರಬೇಕು. ಅದರ ಜೊತೆಗೆ ರಬ್ಬರ್ ಚಾಪೆಯನ್ನು ಕೊಳ್ಳದವರು ಎಣ್ಣೆಯನ್ನೂ ಕೊಳ್ಳದಿರುವುದು ಲೇಸು.

ನೊರೆಯ ದ್ರಾವಣಕ್ಕೆ ಒಂದು ನಿಜವಾದ ಉಪಯೋಗವಿದೆ: ದಪ್ಪ ನೊರೆ ನೀರಿನ ಮೇಲೆ ಹೊದಿಕೆಯಾಗಿ ನಿಂತು ಆವಿಯ ಮೂಲಕ ಹೋಗುವ ಶಾಖವನ್ನು ತಡೆಯುತ್ತದೆ. ಆದರೆ ನೊರೆ ಬರಿಸುವ ಪದಾರ್ಥ ಮೂಲತಃ ಮಾರ್ಜಕವೇ ಆಗಿರುವುದರಿಂದ ಒಣ ಚರ್ಮದವರಿಗೆ ಅದು ಹೇಳಿದ್ದಲ್ಲ. ಅಂಥವರಿಗೆ ನಾನು ಹೇಳುವುದು ಪೆಟ್ಟಿಗೆಗಳಲ್ಲಿ ಅಪರೂಪವಾಗಿ ಸಿಗುವ ಕೊಲಾಯ್ಡಲ್ ಓಟ್‌ಮೀಲ್, ಅಂದರೆ ನೀರಿನಲ್ಲಿ ತೇಲಾಡುವಷ್ಟು ನಯವಾಗಿ ಪುಡಿ ಮಾಡಿದ ಓಟ್ಸ್. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು 2003ರಲ್ಲಿ ಚರ್ಮರಕ್ಷಕವೆಂದು ಮಾನ್ಯ ಮಾಡಿದೆ, ಮತ್ತು ತುರಿಕೆಯನ್ನು ಶಮನಗೊಳಿಸುವ ಇದರ ಗುಣಕ್ಕೆ ಅವೆನಾಂತ್ರಮೈಡ್‌ಗಳೆಂಬ ಘಟಕಗಳು ಕಾರಣವೆಂದು ಗುರುತಿಸಲಾಗಿದೆ. ಈ ಇಡೀ ವರ್ಗದಲ್ಲಿ ಹೇಳಿದ್ದನ್ನು ಮಾಡಿ ತೋರಿಸುವ ಸಾಮಗ್ರಿ ಇದೊಂದೇ ಎಂದರೆ ಅತಿಶಯೋಕ್ತಿ ಅನ್ನಿಸಲಾರದು. ನೋಡಲು ಮಾತ್ರ ಮಂಕಾದ ಗಂಜಿಯಂತಿರುತ್ತದೆ. ಬಹುಶಃ ಅದಕ್ಕೇ ಉಡುಗೊರೆಯ ಪೆಟ್ಟಿಗೆಗಳಲ್ಲಿ ಅದಕ್ಕೆ ಸ್ಥಾನವಿಲ್ಲ.

ದಿಂಬುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನ್ನು ತೊಟ್ಟಿಗೆ ಅಂಟಿಸುವ ಹೀರುಬಟ್ಟಲುಗಳು (ಸಕ್ಷನ್ ಕಪ್) ನುಣುಪಾದ ಮೇಲ್ಮೈಗೆ ಮಾತ್ರ ಹಿಡಿಯುತ್ತವೆ, ಮತ್ತು ಒಳಗೆ ಫೋಮ್ ತುಂಬಿದ ದಿಂಬು ಒಣಗದೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಜಾಲರಿ ಬಟ್ಟೆಯದ್ದೇ ಉತ್ತಮ. ಮೇಣದ ಬತ್ತಿಗಿಂತ ಸಣ್ಣ ಬ್ಯಾಟರಿ ದೀಪವೇ ನನಗೆ ಮೆಚ್ಚುಗೆ, ಏಕೆಂದರೆ ಮುಚ್ಚಿದ ಸ್ನಾನದ ಕೋಣೆಯಲ್ಲಿ ಮಸಿಯೂ ಗಾಢ ವಾಸನೆಯೂ ತಲೆನೋವು ತರುತ್ತವೆ. ತೊಟ್ಟಿಗೆ ಅಡ್ಡಲಾಗಿ ಇಡುವ ಹಲಗೆ ಪುಸ್ತಕಕ್ಕೆ ಅನುಕೂಲ, ಆದರೆ ಚಾರ್ಜಿಗೆ ಹಾಕಿದ ಫೋನನ್ನು ಅದರ ಮೇಲೆ ಇಡುವುದು ಜೀವಕ್ಕೇ ಅಪಾಯ.

ಬಿಸಿ ನೀರಿನಲ್ಲಿ ರಕ್ತದ ಒತ್ತಡ ಇಳಿದಿರುವುದರಿಂದ ಥಟ್ಟನೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಹೃದಯದ ತೊಂದರೆಯಿರುವವರು, ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಇಂಥ ಸ್ನಾನಕ್ಕೆ ಇಳಿಯಬೇಕು. ಈ ಎಚ್ಚರಿಕೆ ಪೆಟ್ಟಿಗೆಯ ತಳದಲ್ಲಿ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದನ್ನು ಕಂಡಿದ್ದೇನೆ, ಅದೂ ಇಲ್ಲದ ಪೆಟ್ಟಿಗೆಗಳೂ ಇವೆ. ಇನ್ನೊಂದು ಕೊರತೆ ಎಲ್ಲ ಪೆಟ್ಟಿಗೆಗಳಿಗೂ ಸಾಮಾನ್ಯ. ದೀರ್ಘ ಸ್ನಾನದ ನಂತರ ಚರ್ಮ ಹೀರಿಕೊಂಡ ನೀರು ಬೇಗ ಆರಿಹೋಗಿ ಮೊದಲಿಗಿಂತ ಹೆಚ್ಚು ಒಣಗುತ್ತದೆ, ಆದ್ದರಿಂದ ಮೈಯನ್ನು ಉಜ್ಜದೆ ಒತ್ತಿ ಒರೆಸಿಕೊಂಡು, ತೇವ ಇನ್ನೂ ಇರುವಾಗಲೇ, ಕೆಲವೇ ನಿಮಿಷಗಳೊಳಗೆ, ವಾಸನೆಯಿಲ್ಲದ ಗಟ್ಟಿ ಕ್ರೀಮ್ ಹಚ್ಚಿಕೊಳ್ಳಬೇಕು. ಒಂದು ಬಾತ್ ಬಾಂಬಿನ ಜಾಗದಲ್ಲಿ ಅಂಥ ಕ್ರೀಮಿನ ಪುಟ್ಟ ಡಬ್ಬಿಯನ್ನು ಇಟ್ಟ ತಯಾರಕರನ್ನು ನಾನಿನ್ನೂ ಕಂಡಿಲ್ಲ. ಇಟ್ಟಿದ್ದೇ ಆದರೆ ಆ ಪೆಟ್ಟಿಗೆಯನ್ನು ಬೇರೆಯವರಿಗೂ ಕೊಳ್ಳಿರೆಂದು ಹಿಂಜರಿಯದೆ ಹೇಳಬಲ್ಲೆ.